ಹಂಡೆ ತಿಕ್ಕಿದಿರಿ, ಕೊಳವೆ ನೋಡಿದಿರಾ?

ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮ ಮಲೆನಾಡಿನ ಮನೆಗಳಲ್ಲಿ ಬಚ್ಚಲಿಗೆ ಸಿಗುವ ಮರ್ಯಾದೆ ವರ್ಷದ ಬೇರೆ ಯಾವ ದಿನವೂ ಸಿಗುವುದಿಲ್ಲ. ಹಂಡೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಬೆಳಗುತ್ತಾರೆ. ಒಲೆ ಕಟ್ಟೆಗೆ ಕೆಮ್ಮಣ್ಣು ಸಾರಿಸಿ ಜೇಡಿ ಬರೆಯುತ್ತಾರೆ. ಹಂಡೆಯ ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಬಾವಿಯಿಂದ ಹೊಸ ನೀರು ಸೇದಿ ತುಂಬುತ್ತಾರೆ. ನೀರು ತುಂಬುವ ಹಬ್ಬ ಅಂದರೆ ಅದೇ. ಮಾರನೇ ದಿನ ನಸುಕಿಗೆ ಎದ್ದು ಎಣ್ಣೆ ಹಚ್ಚಿಕೊಂಡು ಆ ಬಿಸಿನೀರು ಮೈಮೇಲೆ ಬಿದ್ದರೆ ಹಬ್ಬ ಬಂದಂತೆ.

ಆ ಹಂಡೆಯ ಹಿಂದೆ ಗೋಡೆಗೆ ಆತುಕೊಂಡು, ಹಂಚು ತೂರಿ ಮೇಲೆ ಹೋಗುವ ಒಂದು ತಗಡಿನ ಕೊಳವೆ ಇರುತ್ತದೆ. ಅದಕ್ಕೆ ಬಳ್ಳಿಯೂ ಇಲ್ಲ, ಜೇಡಿಯೂ ಇಲ್ಲ. ಹೊರಗಿನಿಂದ ನೋಡಿದರೆ ತುಕ್ಕು ಹಿಡಿದ ಪೈಪು, ಒಳಗೆ ಏನಿದೆ ಅಂತ ನೋಡಿದವರಿಲ್ಲ. ಅದಕ್ಕೆ ನಮ್ಮ ಕಡೆ ಸರಿಯಾದ ಹೆಸರೂ ಇಲ್ಲ ನೋಡಿ. ಚಿಮಣಿ ಅಂದರೆ ಅಜ್ಜಿಗೆ ಸೀಮೆಎಣ್ಣೆ ಬುಡ್ಡಿ ನೆನಪಾಗುತ್ತದೆ. ಅಪ್ಪಯ್ಯ ‘ಹೊಗೆ ಪೈಪು’ ಅನ್ನುತ್ತಾರೆ. ಅಮ್ಮ ಬರೀ ‘ಅದು’ ಅನ್ನುತ್ತಾಳೆ. ‘ಅದು ಕಟ್ಟಿದೆ ಕಾಣ್ತದೆ, ಹೊಗೆ ಹೋಗ್ತಾ ಇಲ್ಲ.’

ಈ ಮಾತನ್ನು ಅಮ್ಮ ಫೋನಿನಲ್ಲಿ ನನಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ನಾನು ಪ್ರತಿ ಸಲವೂ ಕೊಟ್ಟ ಉತ್ತರ ಒಂದೇ, ‘ಒಣ ಸೌದೆ ಹಾಕಮ್ಮ.’ ಅಪ್ಪಯ್ಯನ ಉತ್ತರವೂ ಅದರ ಅಣ್ಣ, ‘ಮಳೆಗಾಲ ಅಲ್ವನೇ, ಹಸಿ ಸೌದೆಯಲ್ಲಿ ಹೊಗೆ ಬರದೆ ಇನ್ನೇನು ಬರ್ತದೆ?’

ಹೋದ ಆಷಾಢದಲ್ಲಿ ಆ ಕೊಳವೆಗೆ ಬೆಂಕಿ ಹತ್ತಿತು.

ಬೆಳಿಗ್ಗೆಯಿಂದ ಹಸಿ ಸೌದೆ ಹೊಗೆಯಾಡುತ್ತಿದ್ದ ಒಲೆಗೆ ಸಂಜೆ ಅಪ್ಪಯ್ಯ ಒಂದು ಬುಟ್ಟಿ ತೆಂಗಿನ ಕರಟ, ಒಣ ಅಡಿಕೆ ಸಿಪ್ಪೆ ತುಂಬಿದ್ದಾರೆ. ಕರಟದ ಉರಿ ಗೊತ್ತಲ್ಲ. ಐದೇ ನಿಮಿಷಕ್ಕೆ ಕೊಳವೆಯೊಳಗಿಂದ ಜೀಪು ಘಾಟಿ ಹತ್ತುವಂಥ ಸದ್ದು. ಬುಡದ ಎರಡಡಿ ತಗಡು ಕೆಂಪಗೆ ಕಾದಿದೆ, ಮೇಲಿನ ತುದಿಯಿಂದ ಬೆಂಕಿಯ ನಾಲಗೆ ಹೊರಗೆ ಬಂದಿದೆ. ಕೊಳವೆ ಹಂಚು ತೂರುವ ಜಾಗದಲ್ಲಿ ನಾಲ್ಕು ಬೆರಳು ದೂರಕ್ಕೆ ಪಕಾಸಿ ಇತ್ತು, ಅದು ಹೊಗೆಯಾಡಲು ಶುರುವಾಗಿದೆ. ಅಪ್ಪಯ್ಯ ಕೊಡಪಾನ ನೀರು ಎತ್ತಿಕೊಂಡು ಕೊಳವೆಗೇ ಎರಚಲು ಹೋದರಂತೆ. ಪಕ್ಕದ ಮನೆಯ ಅಣ್ಣ ತಡೆದು, ಗೋಣಿಚೀಲ ಒದ್ದೆ ಮಾಡಿ ಒಲೆಯ ಬಾಯಿಗೆ ಒತ್ತಿ ಮುಚ್ಚಿದ. ಗಾಳಿ ನಿಂತ ಮೇಲೆ ಸದ್ದೂ ನಿಂತಿತು. ಸುಟ್ಟದ್ದು ಒಂದೂವರೆ ಪಕಾಸಿ, ನಾಲ್ಕು ರೀಪು. ಹೊರಗೆ ಮಳೆ ಸುರಿಯುತ್ತಿತ್ತು ಅನ್ನುವುದನ್ನು ಎಲ್ಲರೂ ದೇವರ ದಯೆ ಅಂದರು. ಬೇಸಿಗೆಯಲ್ಲಿ ಆಗಿದ್ದರೆ ಪಕ್ಕದ ಸೌದೆ ಕೊಟ್ಟಿಗೆ, ಅದರಾಚೆಯ ಹುಲ್ಲಿನ ಬಣವೆ ಎಲ್ಲವೂ ಹೋಗುತ್ತಿತ್ತು.

ಮಾರನೇ ವಾರ ನಾನು ಊರಿಗೆ ಹೋಗಿ ಆ ಕೊಳವೆ ಇಳಿಸಿದೆ. ಆರಿಂಚಿನ ಪೈಪು. ಬೆಂಕಿ ತಲುಪದ ಮೇಲಿನ ತುಂಡಿನಲ್ಲಿ ಮಸಿ, ಡಾಂಬರು ಸೇರಿ ಗಟ್ಟಿಯಾಗಿ, ಹೊಗೆ ಹೋಗಲು ಉಳಿದಿದ್ದ ತೂತು ಚಹಾ ಲೋಟದ ಬಾಯಿಯಷ್ಟು, ಎರಡೂವರೆ ಇಂಚು ಇದ್ದೀತು. ಅಂದರೆ ಹೊಗೆಯ ದಾರಿಯಲ್ಲಿ ಆರನೇ ಒಂದು ಪಾಲು ಮಾತ್ರ ಉಳಿದಿತ್ತು. ಕೊಳವೆ ಹಾಕಿಸಿ ಒಂಬತ್ತು ವರ್ಷ. ಒಮ್ಮೆಯೂ ತೆಗೆದಿರಲಿಲ್ಲ.

ಒಂಬತ್ತು ವರ್ಷ ಅಮ್ಮನ ಕಣ್ಣು ಉರಿದದ್ದಕ್ಕೆ, ಮಳೆಗಾಲ ಪೂರ್ತಿ ಅವಳು ಕೆಮ್ಮಿದ್ದಕ್ಕೆ ಹಸಿ ಸೌದೆಯೊಂದೇ ಕಾರಣವಾಗಿರಲಿಲ್ಲ.

ಆಮೇಲೆ ಊರಲ್ಲಿ ಹತ್ತಾರು ಮನೆಯ ಬಚ್ಚಲಿಗೆ ಹೋಗಿ ಇದೊಂದೇ ಪ್ರಶ್ನೆ ಕೇಳಿದೆ. ಕೊಳವೆ ತೊಳೆಯುವುದು ಯಾರು? ಹೆಂಗಸರು ನಕ್ಕರು. ‘ಮಾಡು ಹತ್ತಲಿಕ್ಕೆ ನಮಗೆ ಬರ್ತದಾ?’ ಗಂಡಸರು ಕೇಳಿದ್ದು, ‘ಅದನ್ನು ತೊಳೀಬೇಕಾ?’ ಎರಡು ಉತ್ತರ ಜೋಡಿಸಿದರೆ ಇಡೀ ಸಮಸ್ಯೆ ಅಲ್ಲೇ ಇದೆ. ಹೊಗೆ ಕುಡಿಯುವವರು ಕೊಳವೆಯ ತುದಿ ಮುಟ್ಟಲಾರರು, ತುದಿ ಮುಟ್ಟಬಲ್ಲವರು ಹೊಗೆ ಕುಡಿಯುವುದಿಲ್ಲ. ಕೊಳವೆಯನ್ನು ಮೇಲಿನಿಂದ ಮಾತ್ರ ತೊಳೆಯಲು ಆಗುವಂತೆ ಕೂರಿಸಿದ ದಿನವೇ ಅದನ್ನು ಯಾರೂ ತೊಳೆಯುವುದಿಲ್ಲ ಅಂತ ತೀರ್ಮಾನ ಆಗಿಹೋಗಿರುತ್ತದೆ.

ಹಾಗಾಗಿ ಈ ಕೆಲಸವನ್ನು ಮಾಡಿನಿಂದ ನೆಲಕ್ಕೆ ಇಳಿಸಬೇಕು. ಗಂಡಸರಿಗೆ ಜವಾಬ್ದಾರಿ ಬರಲಿ ಅಂತ ಕಾಯುತ್ತ ಕೂರುವುದಕ್ಕಿಂತ ಇದು ಸುಲಭ, ಇದು ಅನುಭವದ ಮಾತು.

ನಾವು ಪತ್ರಿಕೋದ್ಯಮ ಓದಿದವರು ಇದರಲ್ಲಿ ನಮ್ಮ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹೊಗೆರಹಿತ ಒಲೆ ಅನ್ನುವುದು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ‘ಅಸ್ತ್ರ’ ಶುರುವಾಯಿತು, ಹಳ್ಳಿಗೆ ಬೇಕಾದ ವಿಜ್ಞಾನ ಮಾಡುವುದಕ್ಕೆ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ವಿಸ್ತರಣಾ ಕೇಂದ್ರವಿತ್ತು. ಅಲ್ಲಿಂದ ಬಂದ ಮೂರು ಪಾತ್ರೆಯ ‘ಅಸ್ತ್ರ ಒಲೆ’ ನಮ್ಮ ಅಜ್ಜಿಯರ ಕಾಲದ ಅಡುಗೆಮನೆಗಳಲ್ಲಿ ದೊಡ್ಡ ಸುದ್ದಿ. ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1980ರ ದಶಕದಲ್ಲಿ ಶುರುವಾಗಿ 2002ರಲ್ಲಿ ನಿಂತಿತು. ಅಷ್ಟರಲ್ಲಿ ದೇಶದಾದ್ಯಂತ ಮೂರು ಕೋಟಿಗೂ ಹೆಚ್ಚು ಒಲೆ ಹಾಕಿದ ಲೆಕ್ಕ ಕೊಟ್ಟಿದ್ದರು. ಎಷ್ಟು ಒಲೆ ಹಾಕಿದರು ಅನ್ನುವುದು ಸುದ್ದಿಯಾಯಿತು. ಮೂರನೇ ವರ್ಷ ಎಷ್ಟು ಕೊಳವೆ ಕಟ್ಟಿವೆ ಅನ್ನುವುದು ಸುದ್ದಿಯಾಗಲಿಲ್ಲ. ಒಲೆಯ ಜತೆ ಫಲಾನುಭವಿ ನಿಂತ ಫೋಟೋ ನಾವೆಲ್ಲ ತೆಗೆದಿದ್ದೇವೆ, ವಾಪಸ್ ಹೋಗಿ ಕೊಳವೆಯೊಳಗೆ ಟಾರ್ಚು ಬಿಟ್ಟವರು ಕಡಿಮೆ.

ವಾಪಸ್ ಹೋದವರು ಕಂಡದ್ದು ಏನು ಅಂತ ಒಂದು ಅಧ್ಯಯನದಲ್ಲಿದೆ. ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಒಡಿಶಾದ ಹಳ್ಳಿಗಳಲ್ಲಿ ಗ್ರಾಮ ವಿಕಾಸ ಸಂಸ್ಥೆ ಕಟ್ಟಿಸಿಕೊಟ್ಟ ಚಿಮಣಿಯ ಮಣ್ಣಿನ ಒಲೆಗಳನ್ನು ನಾಲ್ಕು ವರ್ಷದವರೆಗೂ ಹಿಂಬಾಲಿಸಿದರು. 2016ರಲ್ಲಿ ಅದು ಪ್ರಕಟವಾಯಿತು. ಮೊದಲ ವರ್ಷ ಅಡುಗೆ ಮಾಡುವ ಹೆಂಗಸರು ಉಸಿರಾಡುವ ಹೊಗೆ ಚೆನ್ನಾಗಿಯೇ ಕಡಿಮೆಯಾಯಿತು. ಆಮೇಲೆ ಆ ಲಾಭ ಕರಗಿಹೋಯಿತು. ಜನ ಒಲೆಯನ್ನು ಸರಿಯಾಗಿ ಬಳಸಲಿಲ್ಲ, ಸರಿಯಾಗಿ ನೋಡಿಕೊಳ್ಳಲಿಲ್ಲ ಅನ್ನುವುದು ಅವರು ಕೊಟ್ಟ ಕಾರಣ. ‘ಜನ ನೋಡಿಕೊಳ್ಳಲಿಲ್ಲ’ ಅನ್ನುವ ಮಾತನ್ನು ಓದಿದಾಗ ನನಗೆ ಸ್ವಲ್ಪ ಕಸಿವಿಸಿಯಾಗುತ್ತದೆ. ನಮ್ಮ ಮನೆಯಲ್ಲಿ ಒಲೆ ಕಟ್ಟೆ ದಿನಾ ಸಾರಿಸುತ್ತಿದ್ದರು, ಬೂದಿ ದಿನಾ ತೆಗೆಯುತ್ತಿದ್ದರು. ಕೈಗೆ ಎಟುಕಿದ್ದನ್ನೆಲ್ಲ ನೋಡಿಕೊಂಡಿದ್ದರು. ಎಟುಕದ್ದು ಉಳಿಯಿತು.

ಈಗ ಗ್ಯಾಸ್ ಬಂದಿದೆಯಲ್ಲ, ಇದೆಲ್ಲ ಹಳೇ ಕತೆ ಅನ್ನುವವರಿದ್ದಾರೆ. ಅಡುಗೆಮನೆಗೆ ಗ್ಯಾಸ್ ಬಂದಿದೆ, ನಿಜ. ಬಚ್ಚಲಿಗೆ ಬಂದಿಲ್ಲ. ಮಲೆನಾಡಿನಲ್ಲಿ ಮೂರು ನಾಲ್ಕು ತಿಂಗಳು ಬಿಸಿಲೇ ಇಲ್ಲದಾಗ ಸೋಲಾರ್ ಏನು ಕಾಯಿಸುತ್ತದೆ? ಆ ಕಾಲದಲ್ಲೇ ಕರೆಂಟೂ ದಿನಗಟ್ಟಲೆ ಹೋಗುತ್ತದೆ. ಅಡಿಕೆ ತೋಟ ಇದ್ದವರಿಗೆ ಸೋಗೆ, ಹಾಳೆ, ಸಿಪ್ಪೆ, ಕರಟ ಪುಕ್ಕಟೆ. ದನಕ್ಕೆ ಅಕ್ಕಚ್ಚು ಬಿಸಿ ಮಾಡಲೂ ಆ ಹಂಡೆಯೇ ಬೇಕು. ಇನ್ನೂ ಬಹಳ ವರ್ಷ ಹಂಡೆ ಒಲೆ ಇರುತ್ತದೆ, ಅದು ಇರುವಷ್ಟು ದಿನ ಕೊಳವೆಯೂ ಇರುತ್ತದೆ.

ಕೊಳವೆ ಯಾಕೆ ಕಟ್ಟುತ್ತದೆ ಅನ್ನುವುದನ್ನು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಸೌದೆ ಪೂರ್ತಿ ಉರಿಯದಿದ್ದಾಗ ಹೊಗೆಯ ಜತೆ ಮಸಿಯ ಪುಡಿ, ನೀರಾವಿ, ಡಾಂಬರಿನಂಥ ಎಣ್ಣೆಯ ಆವಿ ಮೇಲೇರುತ್ತವೆ. ಕೊಳವೆ ಬಿಸಿಯಾಗಿದ್ದರೆ ಇದೆಲ್ಲ ಹೊರಗೆ ಹೋಗುತ್ತದೆ. ಹೊಗೆ ಸುಮಾರು 120 ಡಿಗ್ರಿಗಿಂತ ತಣ್ಣಗಾದರೆ ಆ ಆವಿ ತಗಡಿನ ಒಳಮೈಗೆ ಬೆವರಿನಂತೆ ಕೂರುತ್ತದೆ. ಆ ಅಂಟಿನ ಮೇಲೆ ಮಸಿ ಹಿಡಿಯುತ್ತದೆ. ಮಣ್ಣಿನ, ಇಟ್ಟಿಗೆಯ ಹೊಗೆಗೂಡು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ತೆಳು ತಗಡಿಗೆ ಆ ಗುಣವಿಲ್ಲ. ಹೊರಗೆ ಮಳೆ ಹೊಡೆಯುತ್ತಿದ್ದರೆ ಮಾಡಿನ ಮೇಲಿನ ತುಂಡು ಮಂಜುಗಡ್ಡೆ ಇಟ್ಟ ಲೋಟದ ಹಾಗೆ ಬೆವರುತ್ತದೆ. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಚೆನ್ನಾಗಿ ಒಣಗಿದರೆ ಅದು ಐದನೇ ಒಂದು ಪಾಲಿಗಿಂತ ಕೆಳಗಿಳಿಯುತ್ತದೆ. ಹಸಿ ಸೌದೆ ಹಾಕಿದರೆ ಬೆಂಕಿಯ ಬಿಸಿಯೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗಿ ಹೊಗೆ ತಣ್ಣಗಿರುತ್ತದೆ. ಇದಕ್ಕೆ ಬಚ್ಚಲೊಲೆಯ ಇನ್ನೊಂದು ಅಭ್ಯಾಸ ಸೇರಿಸಿಕೊಳ್ಳಿ. ದಿನವಿಡೀ ನೀರು ಬಿಸಿ ಇರಲಿ ಅಂತ ಒಂದು ದಪ್ಪ ಕುಂಟೆ ತುರುಕಿ ಬಾಯಿ ಅರ್ಧ ಮುಚ್ಚಿ ಹೋಗುತ್ತೇವೆ. ಅದು ಉರಿಯುವುದಿಲ್ಲ, ಹೊಗೆಯಾಡುತ್ತದೆ. ಮಸಿ ಕಟ್ಟಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಅರ್ಧ ಇಂಚು ಮಸಿ ಅಂದರೆ ಕಡಿಮೆ ಅನ್ನಿಸುತ್ತದೆ. ಆದರೆ ಆರಿಂಚಿನ ಕೊಳವೆಯಲ್ಲಿ ಸುತ್ತಲೂ ಅರ್ಧ ಇಂಚು ಕೂತರೆ ದಾರಿ ಶೇ 31ರಷ್ಟು ಕಡಿಮೆಯಾಯಿತು. ಒಂದಿಂಚು ಕೂತರೆ ಅರ್ಧಕ್ಕಿಂತ ಹೆಚ್ಚು ಹೋಯಿತು. ನಾಲ್ಕಿಂಚಿನ ಕೊಳವೆ ಹಾಕಿಸಿಕೊಂಡವರಿಗೆ ಅರ್ಧ ಇಂಚಿಗೇ ಶೇ 44 ಹೋಗುತ್ತದೆ, ಒಂದಿಂಚಿಗೆ ಉಳಿಯುವುದು ಕಾಲು ಭಾಗ. ಪೈಪಿನಲ್ಲಿ ನೂರಿನ್ನೂರು ಉಳಿಸಿ ಸಣ್ಣದು ಹಾಕಿಸಬೇಡಿ ಅನ್ನುವುದು ಅದಕ್ಕೇ. ಅಮೆರಿಕದ ಚಿಮಣಿ ಸುರಕ್ಷತೆಯವರು ಇಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು ಮೂರು ಮಿಲಿಮೀಟರ್ ಕೂತರೆ ತೊಳೆಯಿರಿ ಅನ್ನುತ್ತಾರೆ. ಜರ್ಮನಿಯಲ್ಲಿ ಚಿಮಣಿ ನೋಡಲು ಪ್ರದೇಶಕ್ಕೊಬ್ಬ ಅಧಿಕೃತ ಮನುಷ್ಯನೇ ಇದ್ದಾನೆ, ಕಾನೂನು ಪ್ರಕಾರ ಅವನನ್ನು ಒಳಗೆ ಬಿಡಲೇಬೇಕು. ನಮಗೆ ಅಷ್ಟೆಲ್ಲ ಬೇಡ. ವರ್ಷಕ್ಕೆ ಎರಡು ಸಲ ಸಾಕು. ಮಳೆ ಹಿಡಿಯುವ ಮೊದಲು ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದು ದೀಪಾವಳಿಗೆ ಹಂಡೆ ತಿಕ್ಕುವ ಮುಂಚಿನ ದಿನ ಒಮ್ಮೆ. ಹಸಿ ಸೌದೆಯೇ ಗತಿ ಅನ್ನುವ ಮನೆಯಲ್ಲಿ ಆಗಸ್ಟಿನಲ್ಲಿ ಇನ್ನೊಂದು ಸಲ.

ನೆಲದಿಂದಲೇ ತೊಳೆಯಲು ಬೇಕಾದದ್ದು ಒಂದು ಬಾಗಿಲು. ಒಲೆಯಿಂದ ಹೊಗೆ ಬಂದು ನೆಟ್ಟಗೆ ಮೇಲೆ ತಿರುಗುವ ಜಾಗದಲ್ಲಿ ಸಾಮಾನ್ಯವಾಗಿ ವೆಲ್ಡಿಂಗ್‌ನವರು ಒಂದು ಬೆಂಡು ಹಾಕಿಕೊಡುತ್ತಾರೆ. ಅದರ ಬದಲು ‘ಟೀ’ ಹಾಕಿಸಿ. ಟೀಯ ಕೆಳಗಿನ ಬಾಯಿಗೆ ಬಿಗಿಯಾದ ಒಂದು ಮುಚ್ಚಳ. ಮುಚ್ಚಳ ತೆಗೆದರೆ ಕೊಳವೆ ನೆಟ್ಟಗೆ ಆಕಾಶದವರೆಗೆ ಕಾಣಬೇಕು. ಉದುರಿದ ಮಸಿ ಒಲೆಯೊಳಗೆ ಹೋಗದೆ ಅಲ್ಲೇ ಕೆಳಗೆ ಬೀಳುತ್ತದೆ. ನಾನು ಮೊದಲು ಹೋದ ವೆಲ್ಡಿಂಗ್ ಅಂಗಡಿಯವರು ‘ಯಾರೂ ಕೇಳಿಲ್ಲ ಸ್ವಾಮಿ’ ಅಂದರು. ಹೌದು, ಯಾರೂ ಕೇಳಿಲ್ಲ. ಅದೇ ತೊಂದರೆ.

ಇಟ್ಟಿಗೆ ಕಟ್ಟಿದ ಒಲೆಯಾದರೆ ಗೋಡೆ ಬುಡದಲ್ಲಿ ಒಂದು ಇಟ್ಟಿಗೆ ಸಡಿಲ ಬಿಟ್ಟು ಮಣ್ಣು ಮೆತ್ತಿದರೂ ಆಯಿತು.

ಬ್ರಷ್ಷಿಗೆ ಅಂತ ಪೇಟೆಗೆ ಓಡುವುದು ಬೇಡ. ತೆಂಗಿನ ಕಡ್ಡಿಯನ್ನು ಎರಡು ಹಿಡಿಯಷ್ಟು ತೆಗೆದುಕೊಂಡು ಮಧ್ಯಕ್ಕೆ ತಂತಿಯಿಂದ ಬಿಗಿದು, ಎರಡೂ ಕಡೆ ಅರಳುವಂತೆ ಕತ್ತರಿಸಿ. ಕೊಳವೆಗಿಂತ ಅರ್ಧ ಇಂಚು ಅಗಲ ಇರಬೇಕು, ಉಜ್ಜಿಕೊಂಡು ಹೋಗಬೇಕು. ಅದನ್ನು ಮುಕ್ಕಾಲಿಂಚಿನ ಕಪ್ಪು ಎಚ್‌ಡಿಪಿಇ ಪೈಪಿನ ತುದಿಗೆ ಕಟ್ಟಿ. ತೋಟಕ್ಕೆ ನೀರು ಬಿಡುವ ಆ ಪೈಪಿನ ತುಂಡು ಎಲ್ಲರ ಕೊಟ್ಟಿಗೆಯಲ್ಲೂ ಬಿದ್ದಿರುತ್ತದೆ. ಅದು ಬಾಗುತ್ತದೆ, ಆದರೆ ಮಡಚುವುದಿಲ್ಲ. ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ, ಹತ್ತಿಪ್ಪತ್ತು ಸಲ. ತಗಡು ತೆಳುವಾಗಿದ್ದರೆ ಕಬ್ಬಿಣದ ತಂತಿ ಬ್ರಷ್ ಹಾಕಬೇಡಿ, ಇರುವ ಸತುವಿನ ಲೇಪವೂ ಕೆರೆದು ಹೋಗುತ್ತದೆ. ಹೊರಗಿನಿಂದ ಸುತ್ತಿಗೆಯಲ್ಲಿ ಬಡಿಯುವುದೂ ಬೇಡ, ಬೆಸುಗೆ ಬಿಡುತ್ತದೆ. ಸೌಟಿನಲ್ಲಿ ಮೆಲ್ಲಗೆ ತಟ್ಟಿ ನೋಡಬಹುದು. ಟಣ್ ಅಂದರೆ ತಗಡು, ದಬ್ ಅಂದರೆ ಮಸಿ.

ಕೆಲಸ ಶುರು ಮಾಡುವ ಮೊದಲು ಹಿಂದಿನ ದಿನವೇ ಬೆಂಕಿ ಆರಿಸಿರಬೇಕು. ಬೂದಿಯೊಳಗಿನ ಕೆಂಡ ರಾತ್ರಿಯಿಡೀ ಜೀವ ಹಿಡಿದುಕೊಂಡಿರುತ್ತದೆ, ಕೆದಕಿ ನೋಡಿ. ಮೂಗು ಬಾಯಿಗೆ ಮಾಸ್ಕು, ಇಲ್ಲವಾದರೆ ಒದ್ದೆ ಬೈರಾಸು, ಮೈತುಂಬ ಹಳೇ ಅಂಗಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಒಂದು ಕಸುಬಿನಿಂದ ಕ್ಯಾನ್ಸರ್ ಬರುತ್ತದೆ ಅಂತ ವೈದ್ಯರು ಮೊದಮೊದಲು ಗುರುತಿಸಿದ್ದೇ ಮಸಿಯಲ್ಲಿ. 1775ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಸರ್ಜನ್ ಚಿಮಣಿ ತೊಳೆಯುವವರಲ್ಲಿ ಬರುತ್ತಿದ್ದ ವೃಷಣಚೀಲದ ಕ್ಯಾನ್ಸರಿಗೆ ಮಸಿ ಕಾರಣ ಅಂತ ಬರೆದ. ಚಿಮಣಿಯೊಳಗೆ ಇಳಿಸುತ್ತಿದ್ದದ್ದು ಪುಟ್ಟ ಹುಡುಗರನ್ನು, ಬೆಳೆದ ಮೇಲೆ ಅವರಿಗೆ ಈ ರೋಗ. ವರ್ಷಕ್ಕೆರಡು ಸಲ ಅರ್ಧ ಗಂಟೆ ಮುಟ್ಟಿದರೆ ಹೆದರಬೇಕಾಗಿಲ್ಲ. ಆದರೆ ಕೆಲಸ ಮುಗಿದ ಕೂಡಲೇ ಸಾಬೂನು ಹಾಕಿ ಸ್ನಾನ ಮಾಡಿ. ಸ್ನಾನಕ್ಕೆ ಬಿಸಿನೀರು ಇರುವುದಿಲ್ಲ ಅನ್ನುವುದು ಇದರಲ್ಲಿರುವ ಒಂದು ತಮಾಷೆ. ಮಕ್ಕಳನ್ನು ಕೈಗೂಡಿಸಲು ಕರೆಯಬೇಡಿ.

ಬಾಗಿಲಿಲ್ಲದ ಹಳೇ ಕೊಳವೆಯಾದರೆ ಮೇಲಿನಿಂದಲೇ ತೊಳೆಯಬೇಕು. ಮಳೆ ನೆನೆದ ಹಂಚಿನ ಮೇಲೆ ಹತ್ತಬೇಡಿ, ಪಾಚಿಯ ಮೇಲೆ ಕಾಲು ನಿಲ್ಲುವುದಿಲ್ಲ. ಈಗ ಅಡಿಕೆ ಕೊನೆ ಕೊಯ್ಯಲು ಫೈಬರ್ ದೋಟಿ ಬಂದಿದೆಯಲ್ಲ, ನೆಲದಲ್ಲಿ ನಿಂತು ಅದರಿಂದ ಮೇಲಿನ ಟೋಪಿ ತೆಗೆದು, ಬ್ರಷ್ ಇಳಿಸಬಹುದೆಂದು ನಾನು ಅಂದುಕೊಂಡೆ. ನಮ್ಮೂರ ಕೊನೆಗಾರ ತನ್ನ ದೋಟಿಗೆ ಮಸಿ ಹಿಡಿಸಲು ಸುತರಾಂ ಒಪ್ಪಲಿಲ್ಲ, ಎಷ್ಟು ಸಾವಿರ ಕೊಟ್ಟಿದ್ದೇನೆ ಗೊತ್ತಾ ಅಂದ. ಅವನ ಮಾತೂ ಸರಿ. ಆದರೆ ಕೊಯ್ಲು ಮುಗಿದ ಮೇಲೆ ಕೊನೆಗಾರರ ತಂಡಗಳು ಇದನ್ನು ಕೂಲಿಗೆ ಮಾಡಿಕೊಟ್ಟರೆ ಕೆಲಸವೂ ಆಗುತ್ತದೆ, ಅವರಿಗೂ ನಾಲ್ಕು ಕಾಸು. ಯಾರೇ ಮಾಡಲಿ, ಕರೆಂಟಿನ ತಂತಿ ಮನೆಯ ಮೇಲೆ ಹಾದಿದ್ದರೆ ದೋಟಿ ಎತ್ತಲೇಬೇಡಿ. ಕಾರ್ಬನ್ ಫೈಬರಿನಲ್ಲೂ ಕರೆಂಟು ಹರಿಯುತ್ತದೆ, ಅಲ್ಯೂಮಿನಿಯಮ್ಮಿನಲ್ಲಂತೂ ಕೇಳಬೇಡಿ.

ಇನ್ನೊಂದು ಎಚ್ಚರ. ಅಸ್ತ್ರ ಒಲೆಯ ಕಾಲದಲ್ಲಿ ಎಷ್ಟೋ ಮನೆಗಳಿಗೆ ಹಾಕಿದ್ದು ಆಸ್ಬೆಸ್ಟಾಸ್ ಸಿಮೆಂಟಿನ ಪೈಪು. ಅದನ್ನು ಒಣಗಿದ್ದಾಗ ತಂತಿ ಬ್ರಷ್ಷಿನಲ್ಲಿ ಉಜ್ಜುವುದು, ಗರಗಸದಲ್ಲಿ ಕೊಯ್ಯುವುದು, ಒಡೆದು ಅಂಗಳದಲ್ಲಿ ಹಾಕುವುದು ಮಾಡಬೇಡಿ. ಅದರ ನೂಲು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಇಡಿಯಾಗಿ ನೆನೆಸಿ ಇಳಿಸಿ, ತಗಡಿನದು ಹಾಕಿ.

ಹಾಕುವ ತಗಡೂ ಎಲ್ಲ ಒಂದೇ ಅಲ್ಲ. ಜಿಐ ಶೀಟಿನ ಸತು 420 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಲೇಪ ಏಳಲು ಶುರು. ಹಾಗಾಗಿ ಒಲೆಗೆ ಹತ್ತಿರದ ಮೂರು ನಾಲ್ಕಡಿ ದಪ್ಪ ಕಬ್ಬಿಣದ್ದು ಇರಲಿ, ಮೇಲಿನದು ಜಿಐ ಸಾಕು. ಕೈಯಲ್ಲಿ ದುಡ್ಡಿದ್ದರೆ ಸ್ಟೀಲ್. ತುಂಡುಗಳನ್ನು ಸೇರಿಸುವಾಗ ಮೇಲಿನ ತುಂಡಿನ ಬಾಯಿ ಕೆಳಗಿನದರ ಒಳಗೆ ಹೋಗಬೇಕು. ಆಗ ಇಳಿಯುವ ಡಾಂಬರು ನೀರು ಕೊಳವೆಯೊಳಗೇ ಇಳಿಯುತ್ತದೆ. ನಮ್ಮಲ್ಲಿ ಇದನ್ನು ತಿರುಗಾಮುರುಗಾ ಹಾಕಿ, ಗೋಡೆಯ ಮೇಲೆ ಕಂದು ಗೆರೆ ಇಳಿದಿತ್ತು. ನಾವು ಅದನ್ನು ಮಳೆನೀರಿನ ಸೋರಿಕೆ ಅಂದುಕೊಂಡು ಎರಡು ಸಲ ಹಂಚು ಬದಲಿಸಿದ್ದೆವು! ತುಕ್ಕು ಹಿಡಿಯುವುದು ಒಳಗಿನಿಂದ. ಮಸಿ ಮತ್ತು ಮಳೆನೀರು ಸೇರಿದರೆ ಹುಳಿನೀರು, ಅದು ತಗಡನ್ನು ತಿನ್ನುತ್ತದೆ. ಬೆಂಡು, ಬುಡ, ಹಂಚು ತೂರುವ ಜಾಗ, ಈ ಮೂರನ್ನು ವರ್ಷಕ್ಕೊಮ್ಮೆ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಒಳಗೆ ಹೋದರೆ ಆ ತುಂಡು ಬದಲಿಸುವ ಕಾಲ ಬಂತು, ಎಂ-ಸೀಲ್ ಮೆತ್ತಿ ವರ್ಷ ದೂಡಬೇಡಿ.

ಪಕಾಸಿ, ರೀಪು ಕೊಳವೆಯಿಂದ ಒಂದೂವರೆ ಅಡಿ ದೂರ ಇರಬೇಕು. ಹಳೇ ಮನೆಗಳಲ್ಲಿ ಇದು ಆಗುವುದಿಲ್ಲ ಅನ್ನುವುದು ನನಗೂ ಗೊತ್ತು. ಆಗದಿದ್ದರೆ ಅಲ್ಲೊಂದು ಹೊರಕವಚದ ತಗಡು ಹಾಕಿ, ನಡುವೆ ಗಾಳಿ ಆಡಲು ಬಿಡಿ. ಕೊಳವೆಯ ತುದಿ ಹಂಚಿನಿಂದ ಮೂರಡಿ ಮೇಲಿರಲಿ, ಇಲ್ಲವಾದರೆ ಗಾಳಿಗೆ ಹೊಗೆ ವಾಪಸ್ ಬಚ್ಚಲಿಗೇ ಇಳಿಯುತ್ತದೆ. ಮೇಲೆ ಟೋಪಿ ಬೇಕೇ ಬೇಕು, ಆದರೆ ಹಕ್ಕಿ ಬರದಿರಲಿ ಅಂತ ಸಣ್ಣ ಕಣ್ಣಿನ ಜಾಲರಿ ಕಟ್ಟಿದರೆ ಮೊದಲು ಕಟ್ಟುವುದು ಆ ಜಾಲರಿಯೇ. ತಿಂಗಳುಗಟ್ಟಲೆ ಮನೆ ಬೀಗ ಹಾಕಿದ್ದರೆ ಒಲೆ ಹಚ್ಚುವ ಮೊದಲು ಕೊಳವೆಯೊಳಗೆ ಗೂಡೇನಾದರೂ ಇದೆಯಾ ನೋಡಿ. ನೋಡುವುದು ಸುಲಭ, ಮೊಬೈಲನ್ನು ಸೆಲ್ಫಿ ಕ್ಯಾಮೆರಾಕ್ಕೆ ತಿರುಗಿಸಿ ಕೆಳಗಿನ ಬಾಗಿಲಲ್ಲಿ ಇಟ್ಟರೆ ಮೇಲಿನ ಬೆಳಕು ದುಂಡಗೆ ಕಾಣುತ್ತದೆ. ದುಂಡಗೆ ಕಾಣದಿದ್ದರೆ ಬ್ರಷ್ ತನ್ನಿ.

ಮಸಿಯಲ್ಲೂ ಜಾತಿಗಳಿವೆ. ಪುಡಿ ಮಸಿ ಬ್ರಷ್ಷಿಗೆ ಉದುರುತ್ತದೆ. ಚಕ್ಕೆ ಚಕ್ಕೆಯಾಗಿ ಎದ್ದದ್ದು ಸ್ವಲ್ಪ ಹಟ ಮಾಡಿ ಬರುತ್ತದೆ. ಟಾರ್ಚಿನ ಬೆಳಕಿಗೆ ಗಾಜಿನಂತೆ ಮಿನುಗುವ ಕಪ್ಪು ಪದರ ಮಾತ್ರ ಯಾವ ಬ್ರಷ್ಷಿಗೂ ಬಗ್ಗುವುದಿಲ್ಲ, ಬೆಂಕಿ ಹತ್ತಿದರೆ ಕೊಳವೆಯನ್ನು ಕೆಂಪಗೆ ಕಾಯಿಸುವುದೂ ಅದೇ. ಅಂಥ ತುಂಡನ್ನು ಇಳಿಸಿ ಬದಲಿಸುವುದೇ ದಾರಿ. ನಮ್ಮ ಕಡೆ ಕೆಲವರು ‘ವರ್ಷಕ್ಕೊಂದು ಸಲ ಒಣ ಹುಲ್ಲು ಹಾಕಿ ಭರ್ರಂತ ಉರಿಸಿಬಿಡಿ, ಮಸಿಯೆಲ್ಲ ಸುಟ್ಟು ಹೋಗ್ತದೆ’ ಅನ್ನುತ್ತಾರೆ. ಸುಟ್ಟು ಹೋಗುತ್ತದೆ, ಜತೆಗೆ ಮಾಡೂ ಹೋಗಬಹುದು. ನಮ್ಮಲ್ಲಿ ಆದದ್ದು ಅದೇ, ಬೇಕಂತ ಮಾಡಿದ್ದಲ್ಲ ಅಷ್ಟೆ. ಒಂದು ವೇಳೆ ಕೊಳವೆ ಗುಡುಗಲು ಶುರುವಾದರೆ ಒಲೆಯ ಬಾಯಿಯನ್ನು ಒದ್ದೆ ಗೋಣಿಯಿಂದ ಮುಚ್ಚಿ ಗಾಳಿ ನಿಲ್ಲಿಸಿ. ಎಲ್ಲರನ್ನೂ ಹೊರಗೆ ಕಳಿಸಿ, 101ಕ್ಕೆ ಫೋನ್ ಮಾಡಿ. ನೀರು ಹಾಕುವುದಿದ್ದರೆ ಸುತ್ತಲಿನ ಮರಕ್ಕೆ ಹಾಕಿ. ಕಾದ ಕೊಳವೆಗೆ ಹಾಕಿದರೆ ತಗಡು ಸೀಳುತ್ತದೆ, ಆವಿ ಮುಖಕ್ಕೆ ಹೊಡೆಯುತ್ತದೆ.

ಬೆಂಕಿಗಿಂತ ನನ್ನನ್ನು ಹೆಚ್ಚು ಹೆದರಿಸುವುದು ಬೇರೆಯದು. ಕಣ್ಣುರಿಸುವ ಹೊಗೆಯ ಜತೆ ಕಣ್ಣಿಗೆ ಕಾಣದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಗ್ಯಾಸ್ ಗೀಸರ್ ಇದ್ದ ಮುಚ್ಚಿದ ಸ್ನಾನದ ಮನೆಯಲ್ಲಿ ಜನ ಕುಸಿದು ಸತ್ತ ಸುದ್ದಿಯನ್ನು ನಾವೇ ಎಷ್ಟು ಸಲ ಬರೆದಿದ್ದೇವೆ. ಹಳೇ ಬಚ್ಚಲಿನಲ್ಲಿ ಹಂಚಿನ ಸಂದಿ, ಗೋಡೆಯ ಜಾಲಂಧ್ರ ಎಲ್ಲ ಇತ್ತು, ಕೊಳವೆ ಕಟ್ಟಿದರೂ ಹೊಗೆ ಹೇಗೋ ಹೋಗುತ್ತಿತ್ತು. ಈಗ ಬಚ್ಚಲಿಗೂ ಆರ್‌ಸಿಸಿ ತಾರಸಿ, ಟೈಲ್ಸ್, ಬಿಗಿಯಾದ ಪಿವಿಸಿ ಬಾಗಿಲು. ಒಲೆಯ ಬಾಯಿ ಮಾತ್ರ ಹಳೇ ಕಾಲದಂತೆ ಒಳಗೇ. ಹೀಗೆ ಕಟ್ಟಿಸುವವರು ಒಲೆಯ ಬಾಯಿಯನ್ನು ಗೋಡೆಯಾಚೆ ಹೊರಗೆ ಇಡಿ. ಆಗದಿದ್ದರೆ ಮೇಲೊಂದು ಕೆಳಗೊಂದು ಮುಚ್ಚಲಾಗದ ಕಿಂಡಿ ಬಿಡಿ. ಸ್ನಾನಕ್ಕೆ ಹೋದಾಗ ತಲೆನೋವು, ತಲೆಸುತ್ತು ಬಂದರೆ ಅದನ್ನು ಪಿತ್ತ ಅಂದುಕೊಂಡು ಸುಮ್ಮನಾಗಬೇಡಿ, ಬಾಗಿಲು ತೆರೆದು ಹೊರಗೆ ಬನ್ನಿ.

ಒಲೆ ಹಂಚುವ ಸರ್ಕಾರಿ ಯೋಜನೆಗಳು, ಸಂಘ ಸಂಸ್ಥೆಗಳು ಈಗಲೂ ಅಲ್ಲಲ್ಲಿ ಬರುತ್ತಿರುತ್ತವೆ. ಅವರನ್ನು ನಾನು ಕೇಳುವುದು ದೊಡ್ಡದೇನಲ್ಲ. ಕೊಳವೆಯ ಬುಡದಲ್ಲಿ ಬಾಗಿಲಿಲ್ಲದ ಒಲೆಗೆ ಬಿಲ್ಲು ಪಾಸು ಮಾಡಬೇಡಿ. ಪ್ರತಿ ಒಲೆಯ ಜತೆ ಒಂದು ಬ್ರಷ್ ಕೊಡಿ, ಅದನ್ನು ಮನೆಯೊಡತಿಯ ಕೈಯಲ್ಲಿ ಒಮ್ಮೆ ಮಾಡಿಸಿ ತೋರಿಸಿ. ಗುತ್ತಿಗೆದಾರನ ಕೊನೆಯ ಕಂತನ್ನು ಎರಡನೇ ಮಳೆಗಾಲ ಕಳೆದ ಮೇಲೆ ಕೊಡಿ. ನಮ್ಮ ಓರಗೆಯ ವರದಿಗಾರ ಗೆಳೆಯರಿಗೂ ಒಂದು ಮಾತು. ಒಲೆ ವಿತರಣೆಯ ಸುದ್ದಿಗೆ ಹೋದರೆ ಎರಡು ವರ್ಷ ಬಿಟ್ಟು ಅದೇ ಮನೆಗೆ ಇನ್ನೊಮ್ಮೆ ಹೋಗಿ, ಮೊಬೈಲು ಹೇಗೂ ಕೈಯಲ್ಲೇ ಇರುತ್ತದೆ.

ನಮ್ಮ ಮನೆಗೆ ಟೀ ಹಾಕಿಸಿದ್ದು ಶ್ರಾವಣದಲ್ಲಿ. ಮುಚ್ಚಳ ಅಮ್ಮನ ಸೊಂಟದ ಎತ್ತರಕ್ಕೆ ಬರುವಂತೆ ಅಳತೆ ಕೊಟ್ಟಿದ್ದೆ. ಬ್ರಷ್ ಕಟ್ಟಿಟ್ಟು, ದೀಪಾವಳಿಗೆ ಬಂದಾಗ ನಾನೇ ತೊಳೆಯುತ್ತೇನೆ ಅಂತ ಹೇಳಿ ಬಂದೆ. ರಜೆ ಸಿಗಲಿಲ್ಲ, ಹಬ್ಬದ ಬೆಳಿಗ್ಗೆಯೇ ಹೋಗಿ ಇಳಿಯುವಂತಾಯಿತು. ಹಿಂದಿನ ಸಂಜೆ ಅಮ್ಮನೇ ಫೋನ್ ಮಾಡಿದಳು. ‘ನೀನು ಬರೋದು ಕಾಯ್ತಾ ಕೂತರೆ ಆಗ್ತಿತ್ತಾ? ನಾನೇ ತೆಗೆದೆ. ಅರ್ಧ ಬಕೆಟ್ ಬಂತು ಮಾರಾಯ, ಬಾಳೆಬುಡಕ್ಕೆ ಹಾಕಿದೆ. ಅಪ್ಪಯ್ಯ ಪಕ್ಕದಲ್ಲಿ ನಿಂತು ಟಾರ್ಚು ಹಿಡಿದಿದ್ರು.’ ಆಮೇಲೆ ಹಿಂಡ್ಲೆಕಾಯಿ ಬಳ್ಳಿ ಹಂಡೆಗೆ ಸುತ್ತಿ ಒಂದು ಮೊಳ ಉಳಿದಿತ್ತಂತೆ, ಅದನ್ನು ಕೊಳವೆಯ ಮುಚ್ಚಳಕ್ಕೆ ಕಟ್ಟಿದ್ದಾಳಂತೆ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಬಿಚ್ಚಿಡು ಅಂದೆ.